ಹುಮನಾಬಾದಿನಲ್ಲಿ ಆಸ್ಟ್ರೇಲಿಯಾ ತರಬೇತಿ

ವೀಸಾ ಇಲ್ಲದೆ ಆಸ್ಟ್ರೇಲಿಯಾಕ್ಕೆ ಹೋದವರು ಎಲ್ಲಾದರೂ ಒಬ್ಬಿಬ್ಬರು ಸಿಕ್ಕಾರು. ಆದರೆ ನಮ್ಮ ಅತ್ತೆಯ ತರಬೇತಿ ಮುಗಿಸದೆ ನಮ್ಮ ಕಡೆಯಿಂದ ಅಲ್ಲಿಗೆ ಹೋದವರು ಒಬ್ಬರೂ ಸಿಗಲಾರರು! ಹೋದವರೇ ಕಡಿಮೆ ಎನ್ನುತ್ತೀರಾ? ಅದು ಅತ್ತೆಯ ತಪ್ಪೇ?

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹುಮನಾಬಾದಿನಲ್ಲಿ ಅವಳ ಗಂಡ ಮಾಮಾನದು ಕಿರಾಣಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಮೆಲ್ಬರ್ನಿನಲ್ಲಿರುವ ಮಗಳ ಬಾಣಂತನಕ್ಕೆಂದು ಹೋಗಿ ಅಲ್ಲಿಯ ಒಂದು ಚಳಿಗಾಲ ಕಳೆದು ಬಂದಳು. ಹೋಗುವಾಗ ಎಲ್ಲರಂತೆ ಸೆರಗು ಸರಿಮಾಡಿಕೊಂಡು ಹೋದವಳು, ಬರುವಾಗ ಆ ದೇಶದ ಉಸ್ತುವಾರಿ ಮಂತ್ರಿಯೇ ಆಗಿ ಬಂದಳು. ಅಲ್ಲಿಂದ ಮುಂದೆ ಅವಳ ಪ್ರತಿ ಮಾತೂ 'ನಾ ಅಲ್ಲಿದ್ದಾಗ' ಎಂದೇ ಶುರು.

ಬಸ್ ನಿಲ್ದಾಣದಲ್ಲಿ ಯಾರ ಕೈಯಲ್ಲಾದರೂ ದೊಡ್ಡ ಸೂಟ್‌ಕೇಸ್ ಕಂಡರೆ ಸಾಕು, ಅತ್ತೆ ಹಾಜರು. ಒಮ್ಮೆ ಹಾಗೆ ಒಬ್ಬರನ್ನು ಹಿಡಿದು ನಿಲ್ಲಿಸಿದಳು.

"ಎಲ್ಲಿಗಿ ಹೊಂಟೀರಿ?"

"ಝಹೀರಾಬಾದಿಗಿ ರೀ, ತಂಗಿ ಮದಿವಿಗಿ."

ಅತ್ತೆಯ ಮುಖ ಸಣ್ಣದಾಯಿತು. ಆದರೂ ಕೈಗೆ ಸಿಕ್ಕ ಮನುಷ್ಯನನ್ನು ಸುಮ್ಮನೆ ಬಿಡುವುದುಂಟೇ! "ಇರ್ಲಿ, ಮುಂದ ಎಂದರ ಹೋದ್ರ ಕೆಲಸಕ್ಕ ಬರ್ತದ. ಅಲ್ಲಿ ಬಿಸಿಲು ಉತ್ತರದ ಕಡಿಂದ ಬೀಳ್ತದ. ಬಾಡಿಗಿ ಮನಿ ಹಿಡಿಯೂಮುಂದ ಉತ್ತರಕ್ಕ ಕಿಟಕಿ ಅವ ಇಲ್ಲ ನೋಡ್ರಿ. ಇಲ್ಲಂದ್ರ ಥಂಡಿಗಿ ಹೈರಾಣ ಆಗ್ತೀರಿ." ಆ ಪುಣ್ಯಾತ್ಮ ಝಹೀರಾಬಾದಿನ ಮದುವೆ ಮಂಟಪದಲ್ಲಿ ಉತ್ತರದ ಕಿಟಕಿ ಹುಡುಕಿದನೋ ಏನೋ, ನನಗೆ ತಿಳಿಯದು.

ಬಸ್ಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಆಸ್ಟ್ರೇಲಿಯಾದಲ್ಲಿ ಬಸ್ಸಿನಿಂದ ಇಳಿಯುವವರು ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರಂತೆ. ಹೇಳಲಿ, ಒಳ್ಳೆಯದೇ. ಬಸವಕಲ್ಯಾಣಕ್ಕೆ ನಮ್ಮ ಮನೆಗೆ ಬಂದವಳು ನಿಲ್ದಾಣದಲ್ಲಿ ಇಳಿದು, ನೂಕುನುಗ್ಗಲಿನಲ್ಲೇ ಬಸ್ಸನ್ನು ಸುತ್ತಿಹಾಕಿ, ಡ್ರೈವರನ ಕಿಟಕಿಯ ಕೆಳಗೆ ನಿಂತು ಕೂಗಿದಳು: "ಡ್ರೈವರ್ ಸಾಹೇಬ್ರ, ಥ್ಯಾಂಕ್ಸ್ ರೀ!" ಆತನ ಸರ್ವೀಸಿನಲ್ಲೇ ಯಾರೂ ಹಾಗೆ ಅಂದಿರಲಿಲ್ಲವೆಂದು ಕಾಣುತ್ತದೆ. ಪಾಪ, ಗಾಬರಿಯಾಗಿ ಕೆಳಗಿಳಿದೇ ಬಂದ. "ಯಾಕ್ರೀ ಯವ್ವಾ, ಏನ್ ತಪ್ಪಾತು? ಬ್ರೇಕ್ ಜೋರ್ ಹಾಕಿದ್ನೇನ್ರಿ?"

ಇಂಥ ಅತ್ತೆಗೆ, ನಾನು ಆಸ್ಟ್ರೇಲಿಯಾಕ್ಕೆ ಹೊರಟಿದ್ದೇನೆಂಬ ಸುದ್ದಿ ಸಿಕ್ಕಿದರೆ ಏನಾಗಬೇಡ? ನಾನು ನರ್ಸ್. ಮೆಲ್ಬರ್ನಿನ ಹೊರಗೆ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಕೆಲಸ ಸಿಕ್ಕಿತ್ತು. ನಾನು ಮೊದಲು ಹೋಗುವುದು, ಗಂಡ ಮತ್ತು ಮಗಳು ಆಮೇಲೆ ಬರುವುದು ಎಂದು ನಿಶ್ಚಯವಾಗಿತ್ತು. ಸುದ್ದಿ ಮುಟ್ಟಿದ ಮರುದಿನವೇ ಫೋನ್ ಬಂತು. "ಈ ಐತವಾರದಿಂದ ಹುಮನಾಬಾದಿಗಿ ಬಾ. ಬರೂಮುಂದ ನಾಷ್ಟಾ ಮಾಡ್ಕೊಂಡು ಬರಬ್ಯಾಡ, ಇಲ್ಲೇ ಅದ."

ಹೋದೆ. ಮನೆಯ ಹೊರಗೆ ಬೇರೆ ಬೇರೆ ಬಣ್ಣದ ಮುಚ್ಚಳದ ಬಕೆಟ್‌ಗಳು ಸಾಲಾಗಿ ನಿಂತಿದ್ದವು. ಅಡಿಗೆಮನೆಯ ಕಸ ಒಂದಕ್ಕೆ, ರಟ್ಟು ಪೇಪರು ಇನ್ನೊಂದಕ್ಕೆ, ಉಳಿದದ್ದು ಮತ್ತೊಂದಕ್ಕೆ. ನಾನು ಬಾಳೆಹಣ್ಣಿನ ಸಿಪ್ಪೆಯನ್ನು ರಟ್ಟಿನ ಬಕೆಟ್ಟಿಗೆ ಹಾಕಿ ಮೊದಲ ದಿನವೇ ನಪಾಸಾದೆ. ಅಷ್ಟರಲ್ಲಿ ಪುರಸಭೆಯ ಗಾಡಿ ಬಂತು. ಗಾಡಿಯವನು ಬಕೆಟ್‌ಗಳನ್ನೆಲ್ಲ ಎತ್ತಿ ಒಂದೇ ಕಡೆ ಬಗ್ಗಿಸಿಕೊಂಡು ಹೋಗಿಯೇಬಿಟ್ಟ! ಅತ್ತೆ ಅಂಗಳದಲ್ಲಿ ನಿಂತು ಅವನಿಗೆ ಮೆಲ್ಬರ್ನಿನ ಕಾನೂನು ಹೇಳುತ್ತಲೇ ಇದ್ದಳು, ಗಾಡಿ ಓಣಿ ದಾಟಿ ಹೋಗಿತ್ತು.

ಎರಡನೆಯ ಪಾಠ ಕುಶಲ ವಿಚಾರಣೆಯದು. "ಅಲ್ಲಿ ಅಂಗಡ್ಯಾಗ ಹೋದ್ರ ಹ್ಯಾಂಗಿದ್ದೀರಿ ಅಂತ ಕೇಳ್ತಾರ. ಅವ್ರಿಗಿ ಜವಾಬು ಬೇಕಾಗಿಲ್ಲ, ಸುಮ್ನೆ ಚಲೋ ಅದೀನಿ ಅಂದು ಸಾಮಾನ್ ತಗೊಂಡು ಬಾ. ನಾ ಖರೆ ಅಂತ ತಿಳ್ಕೊಂಡು ಮೊಣಕಾಲಿಂದು ಪೂರಾ ಹೇಳಿದೆ."

"ಇಂಗ್ಲೀಷಿನ್ಯಾಗ ಹ್ಯಾಂಗ ಹೇಳಿದ್ರಿ ಅತ್ತಿ?"

"ಇಂಗ್ಲೀಷ್ ಯಾಕ ಬೇಕು? ಮೊಣಕಾಲ್ ತೋರಿಸ್ದೆ. ಪಾಪ, ಆ ಹುಡುಗಿ ಒಳಗ ಹೋಗಿ ಕುರ್ಚಿ ತಂದು ಕೂಡಿಸ್ತು."

ಇನ್ನು ಹೊಗೆಯ ಪಾಠ. ಅಲ್ಲಿಯ ಮನೆಗಳಲ್ಲಿ ಛಾವಣಿಗೊಂದು ಯಂತ್ರ ಕೂಡಿಸಿರುತ್ತಾರೆ, ಒಗ್ಗರಣೆಯ ಹೊಗೆ ತಾಗಿದರೆ ಊರೆಲ್ಲ ಕೇಳುವಂತೆ ಕಿರುಚುತ್ತದೆ. ಆದ್ದರಿಂದ ಕಿಟಕಿ ತೆರೆದು, ಫ್ಯಾನ್ ಹಚ್ಚಿ, ಆಮೇಲೆ ಎಣ್ಣೆ ಕಾಯಿಸಬೇಕು. ಹುಮನಾಬಾದಿನಲ್ಲಿ ಆ ಯಂತ್ರ ಎಲ್ಲಿಂದ ತರುವುದು? ಅತ್ತೆ ಅಂಗಡಿಯಲ್ಲಿ ತೊಗರಿಬೇಳೆ ತೂಗುತ್ತಿದ್ದ ಮಾಮಾನನ್ನು ಕರೆತಂದು ಅಡಿಗೆಮನೆಯ ಸ್ಟೂಲಿನ ಮೇಲೆ ನಿಲ್ಲಿಸಿದಳು. ದಿನಕ್ಕೆ ನಾಲ್ಕು ಮಾತಾಡದ ಮನುಷ್ಯ ಅವರು. ನಾನು ಎಣ್ಣೆಗೆ ಒಣಮೆಣಸಿನಕಾಯಿ ಹಾಕಿದೆ. ಘಾಟು ಮೇಲೇರಿತು. ಮಾಮಾ ಕೆಮ್ಮುತ್ತಲೇ ತಮ್ಮ ಕರ್ತವ್ಯ ಮಾಡಿದರು: "ಪೀಂ! ಪೀಂ! ಪೀಂ!"

"ಟಾವೆಲ್ ಬೀಸು! ನಿಂತು ಏನ್ ನೋಡಾಕತ್ತಿ? ಟಾವೆಲ್ ಬೀಸು!" ಎಂದು ಅತ್ತೆ ಅರಚಿದಳು. ಬೀಸಿದೆ. ಟವೆಲು ತಾಗಿ ಮಾಮಾನ ಕನ್ನಡಕ ಬಾಣಲೆಗೆ ಬಿತ್ತು. ಯಂತ್ರ ಆಗ ಮಾತ್ರ ತಾನಾಗಿ ನಿಂತಿತು.

ನಗು ಬರುತ್ತದೆ, ಅಲ್ಲವೇ? ನನಗೂ ಬರುತ್ತಿತ್ತು. ಆದರೆ ಆ ನಗುವಿನ ಅಡಿಯಲ್ಲಿ ನಮ್ಮ ಮನೆಯಲ್ಲಿ ಒಂದು ದೊಡ್ಡ ಮನಸ್ತಾಪ ಕುದಿಯುತ್ತಿತ್ತು. ನಮ್ಮಲ್ಲಿ ಹೆಣ್ಣುಮಕ್ಕಳು ದೂರ ಹೋಗುವಾಗ ಉಡಿ ತುಂಬುತ್ತಾರೆ. ಸೆರಗು ಮುಂದೆ ಚಾಚಿದರೆ ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಕೊಂಬು, ಅಡಿಕೆ, ರವಿಕೆಗೆಂದು ಒಂದು ಕುಬಸದ ಖಣ ಹಾಕಿ ಕಟ್ಟಿ ಕಳಿಸುವುದು. ನಮ್ಮ ಮನೆತನದಲ್ಲಿ ಅದು ಅತ್ತೆಯ ಹಕ್ಕು. ಆದರೆ ಆಸ್ಟ್ರೇಲಿಯಾದಿಂದ ಬಂದ ಮೇಲೆ ಅವಳು ಯಾರ ಉಡಿಯನ್ನೂ ತುಂಬಿರಲಿಲ್ಲ. ಕರೆದರೆ ಒಂದಲ್ಲ ಒಂದು ನೆಪ. ನನಗೂ ಒಲ್ಲೆನೆಂದಳು.

ಅವ್ವನಿಗೆ ಅದು ನುಂಗಲಾರದ ತುತ್ತಾಯಿತು. "ಊರಿಗೆಲ್ಲ ಬುದ್ಧಿ ಹೇಳ್ತಾರ, ಮನಿ ಮಗಳಿಗಿ ಒಂದು ಬೊಗಸಿ ಅಕ್ಕಿ ಹಾಕಾಕ ಆಗಂಗಿಲ್ಲಂತ! ನಾವೇನ್ ಅನ್ಯಾಯ ಮಾಡೀವಿ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಫೋನ್ ನಿಂತಿತು. ನನಗೂ ಒಳಗೊಳಗೇ ನೋವಿತ್ತು. ಅತ್ತೆಯ ಕೈಯ ಅಕ್ಕಿ ಬೀಳದೆ ಅಷ್ಟು ದೂರ ಹೋಗಲು ಮನಸ್ಸು ಒಪ್ಪುತ್ತಿರಲಿಲ್ಲ.

ಫೋನ್ ನಿಂತರೂ ನನ್ನ ತರಬೇತಿ ನಿಲ್ಲಲಿಲ್ಲ. ಕೊನೆಯ ಪಾಠ ವಿಮಾನ ನಿಲ್ದಾಣದ್ದು. ಅತ್ತೆ ಊಟದ ಮೇಜಿನ ಆಚೆ ಅಧಿಕಾರಿಯಾಗಿ ನಿಲ್ಲುವಳು, ಈಚೆ ನಾನು ಚೀಲ ಹಿಡಿದು ನಿಲ್ಲಬೇಕು. "ತಿನ್ನೂದು, ಕಾಳು, ಬೀಜ, ಹೂವು, ಏನಿದ್ರೂ ಅದ ಅಂತ ಹೇಳಬೇಕು. ಮುಚ್ಚಿಡಬಾರದು. ಬಿಡೂದು ಬಿಡ್ತಾರ, ತೆಗಿಯೂದು ತೆಗಿತಾರ. ಆದ್ರ ಇಲ್ಲ ಅನಬ್ಯಾಡ." ಇದೊಂದನ್ನು ಎಷ್ಟು ಸಲ ಹೇಳಿಸಿದಳೋ! ಒಂದು ವಿಚಿತ್ರ ಗಮನಿಸಿದ್ದೆ. ಉಳಿದ ಪಾಠಗಳೆಲ್ಲ 'ನಾ ಅಲ್ಲಿದ್ದಾಗ' ಎಂದು ಶುರುವಾಗುತ್ತಿದ್ದವು. ಇದಕ್ಕೆ ಮಾತ್ರ ಕಥೆ ಇರಲಿಲ್ಲ.

ನನಗೂ ಸಾಕಾಗಿತ್ತು. "ಅತ್ತಿ, ಈಗ ನಾ ಸಾಹೇಬ್. ನೀವು ಈ ಕಡಿ ಬರ್ರಿ" ಎಂದು ಮೇಜಿನ ಆಚೆ ಹೋಗಿ ನಿಂತೆ. ಅವಳು ನಗುತ್ತಲೇ ಈಚೆ ಬಂದಳು. ನಾನು ಗಂಟಲು ದಪ್ಪ ಮಾಡಿ ಕೇಳಿದೆ: "ನಿಮ್ಮ ಹತ್ರ ಏನೇನ್ ಅದ ರೀ?"

ಅತ್ತೆಯ ಕೈ ತಾನಾಗಿ ಸೊಂಟಕ್ಕೆ ಸಿಕ್ಕಿಸಿದ ಸೆರಗಿಗೆ ಹೋಯಿತು. "ಏನೂ ಇಲ್ಲ" ಅಂದಳು. ಅಂದವಳು ಹಾಗೇ ಕುರ್ಚಿಯ ಮೇಲೆ ಕುಸಿದು ಕೂತಳು. ಅತ್ತೆ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಮಾಮಾ ಅಂಗಡಿಯಿಂದ ಎದ್ದು ಬಂದು ನೀರು ಕೊಟ್ಟರು, ಯಾಕೆಂದು ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

ಆದದ್ದು ಇಷ್ಟು. ಬಸುರಿ ಮಗಳಿಗೆಂದು ಓಣಿಯ ಮುತ್ತೈದೆಯರೆಲ್ಲ ಬಂದು ಅತ್ತೆಯ ಸೆರಗಿಗೆ ಉಡಿ ಹಾಕಿ ಕಳಿಸಿದ್ದರು. ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಹೈದರಾಬಾದಿನಲ್ಲಿ ವಿಮಾನ ಹತ್ತಿದಳು. ಮೆಲ್ಬರ್ನಿನಲ್ಲಿ ಇಳಿದಾಗ ಅಧಿಕಾರಿಗಳು ತಿನ್ನುವ ಸಾಮಾನು, ಕಾಳುಕಡಿ ಏನಾದರೂ ಇದೆಯೇ ಎಂದು ಕೇಳಿದರು. ಅತ್ತೆ ಇಲ್ಲವೆಂದಳು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಉಡಿಯನ್ನು ಸಾಮಾನೆಂದು ನಮ್ಮ ಹೆಂಗಸರು ಯಾರಾದರೂ ಎಣಿಸುತ್ತಾರೆಯೇ? ಅದು ಮೈಮೇಲಿನ ಕುಂಕುಮದ ಹಾಗೆ, ಅವಳದೇ ಒಂದು ಭಾಗ. ಆಮೇಲೆ ಅವರು ಗಂಟು ಬಿಚ್ಚಿಸಿದರು. ಬೈಯಲಿಲ್ಲ, ಸಮಾಧಾನದಿಂದಲೇ ಏನೋ ಹೇಳಿ ಎಲ್ಲವನ್ನೂ ಕಸದ ಡಬ್ಬಿಗೆ ಹಾಕಿದರು. ಹಸಿರು ಖಣವೊಂದನ್ನು ಮಾತ್ರ ಮಡಚಿ ವಾಪಸ್ ಕೊಟ್ಟರು.

"ತೆಗದು ಒಗದ್ರಲ್ಲ, ಅದಕ್ಕ ನಂಗ ಸಿಟ್ಟಿಲ್ಲ. ಅವ್ರ ಕಾಯ್ದೆ ಅವ್ರದು" ಎಂದಳು ಅತ್ತೆ. "ತುಂಬಿದ ಉಡಿ ಹೊಟ್ಟಿಗಿ ಕಟ್ಕೊಂಡು ನಾ ಏನೂ ಇಲ್ಲ ಅಂದೆಲ್ಲ! ಮನ್ಯಾಗ ಅಕ್ಕಿ ತೀರಿದ್ರೂ ನಾವು ಇಲ್ಲ ಅನ್ನಂಗಿಲ್ಲ, ತುಂಬ್ಯದ ಅಂತೀವಿ. ಮಗಳ ಉಡಿಗಿ ಇಲ್ಲ ಅಂದ ಬಾಯಿಲೆ ಇನ್ನೊಬ್ರ ಉಡಿ ಹ್ಯಾಂಗ ತುಂಬಲಿ ಹೇಳು?"

ಅಂದು ವಿಮಾನ ನಿಲ್ದಾಣದ ಹೊರಗೆ ಅಕ್ಕ ಕಾಯುತ್ತಿದ್ದಳು. ಅತ್ತೆಯ ಮಗಳನ್ನು ನಾನು ಚಿಕ್ಕಂದಿನಿಂದ ಅಕ್ಕಾ ಎಂದೇ ಕರೆಯುವುದು. ದಿನ ತುಂಬಿದ ಹೊಟ್ಟೆ ಹೊತ್ತು, ತವರಿನ ಉಡಿ ಬರುತ್ತದೆಂದು ಸೀರೆ ಉಟ್ಟುಕೊಂಡೇ ನಿಂತಿದ್ದಳಂತೆ. ನಿನ್ನ ಉಡಿ ಕಸದ ಡಬ್ಬಿಯಲ್ಲಿದೆ ಎಂದು ಆ ಹೊತ್ತಿನಲ್ಲಿ ಯಾವ ತಾಯಿ ಹೇಳಿಯಾಳು? "ಮನ್ಯಾಗೇ ಮರತು ಬಂದೆ" ಎಂದುಬಿಟ್ಟಳು.

"ನಿನ್ನ ಮೊಣಕಾಲಿನ ಎಣ್ಣಿ ಮರೀಲಿಲ್ಲ, ನನ್ನ ಉಡಿ ಮರ್ತಿ?" ಅಷ್ಟೇ ಅಂದಳಂತೆ ಅಕ್ಕ. ಮಗು ಚೆನ್ನಾಗಿ ಹುಟ್ಟಿತು, ಬಾಣಂತನ ಚೆನ್ನಾಗಿ ಆಯಿತು. ಆದರೆ ತಾಯಿ ಮಗಳ ನಡುವೆ ಆ ಮಾತು ಉಳಿದೇಬಿಟ್ಟಿತು. ಅಂದಿನಿಂದ ಅಕ್ಕನ ಫೋನಿನಲ್ಲಿ ಊಟವಾಯಿತೇ, ಔಷಧಿ ತೆಗೆದುಕೊಂಡೆಯಾ ಎಂಬುದು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಊರಿಗೆಲ್ಲ ಅತ್ತೆ ಆಸ್ಟ್ರೇಲಿಯಾ ಆಸ್ಟ್ರೇಲಿಯಾ ಎಂದು ಯಾಕೆ ಒಂದೇ ಸಮನೆ ಮಾತಾಡುತ್ತಿದ್ದಳೆಂದು ಆಗ ಹೊಳೆಯಿತು. ಆಡಬೇಕಾದ ಒಂದೇ ಒಂದು ಮಾತನ್ನು ಆಡಲಾಗದೆ ಉಳಿದದ್ದೆಲ್ಲ ಆಡುತ್ತಿದ್ದಳು. ಎಂಥ ಸಂಕಟವಿರಬೇಕು!

ಅತ್ತೆ ಎದ್ದು ಟ್ರಂಕಿನಿಂದ ಆ ಹಸಿರು ಖಣ ತಂದು ನನ್ನ ಕೈಗಿಟ್ಟಳು. ಮಡಿಕೆ ಕೂಡ ಬಿಚ್ಚಿರಲಿಲ್ಲ. "ಆಕಿಗಿ ಕೊಡು. ಖರೆ ಏನದ ಹೇಳು. ಮೊದಲ ಆಕಿ ಉಡಿ ತುಂಬಲಿ, ಆಮ್ಯಾಲ ನೀ ಊರಿಗಿ ಬಂದಾಗ ನಿಂದು ನಾನೇ ತುಂಬ್ತೀನಿ." ಬಸವಕಲ್ಯಾಣಕ್ಕೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ಖಣವನ್ನು ತಾನೇ ನನ್ನ ಕೈಚೀಲದಲ್ಲಿಟ್ಟಳು. ಆಮೇಲೆ ಹುಮನಾಬಾದಿಗೆ ಫೋನ್ ಹಚ್ಚಿ, "ಅಕ್ಕಾರ, ಊಟ ಆತೇನ್ರಿ?" ಅಂದಳು.

ಮೆಲ್ಬರ್ನಿನಲ್ಲಿ ಇಳಿದು, ಹೇಳಬೇಕಾದದ್ದು ಏನಾದರೂ ಇದೆಯೇ ಎಂದು ಕೇಳಿದಾಗ, ಇದೆ ಎಂದೆ. ಚೀಲ ಬಿಚ್ಚಿದ ಅಧಿಕಾರಿ ಹೆಂಗಸು ಖಣವನ್ನು ನೋಡಿ ನಕ್ಕಳು. ಇದು ಬರೀ ಬಟ್ಟೆ, ಹೇಳುವ ಅಗತ್ಯವೇ ಇರಲಿಲ್ಲ ಎಂದಳು. ಅಗತ್ಯವಿತ್ತು, ಅವಳಿಗೆ ತಿಳಿಯಲಿಲ್ಲ ಅಷ್ಟೇ.

ನಾನು ಅಕ್ಕನ ಮನೆ ಮುಟ್ಟಿದಾಗ ಅವಳು ಮಕ್ಕಳ ಪಾಲನಾ ಕೇಂದ್ರದ ಕೆಲಸ ಮುಗಿಸಿ ಆಗತಾನೇ ಬಂದಿದ್ದಳು, ಮೈಮೇಲೆ ಅಲ್ಲಿಯ ಟೀ ಶರ್ಟು. ಒಲೆಯ ಮೇಲೆ ಎಣ್ಣೆ ಕಾಯಲಿಟ್ಟು ನನ್ನ ಮಾತು ಕೇಳುತ್ತ ನಿಂತಳು. ನಾನು ಖಣ ಮುಂದಿಟ್ಟು ಎಲ್ಲ ಹೇಳಿದೆ. ಮುಗಿಯುವಷ್ಟರಲ್ಲಿ ಎಣ್ಣೆ ಹೊಗೆಯಾಗಿ ಛಾವಣಿಯ ಯಂತ್ರ ಕಿರುಚತೊಡಗಿತು. ಮಾಮಾನಿಗಿಂತ ಕರ್ಕಶ! ನಾನು ಒಲೆ ಆರಿಸಿ ಟವೆಲು ಬೀಸುತ್ತಿದ್ದರೆ ಅಕ್ಕ ಕಣ್ಣೊರೆಸಿಕೊಳ್ಳುತ್ತ ಹುಮನಾಬಾದಿಗೆ ವಿಡಿಯೋ ಕಾಲ್ ಮಾಡಿದಳು. ಪರದೆಯಲ್ಲಿ ಅತ್ತೆಯ ಹಣೆ ಮಾತ್ರ ಕಂಡಿತು.

ಅಕ್ಕ ಫೋನನ್ನು ಡಬ್ಬಿಗೆ ಆನಿಸಿಟ್ಟಳು. ಸೆರಗೆಲ್ಲಿತ್ತು ಅವಳಿಗೆ? ಟೀ ಶರ್ಟಿನ ಅಂಚನ್ನೇ ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. ನಾನು ಖಣ ಇಟ್ಟು, ಅವಳದೇ ಡಬ್ಬಿಯ ಅಕ್ಕಿಗೆ ಕೈ ಹಾಕಿದೆ.

"ಬೊಗಸಿಲೆ ಹಾಕು, ಒಂದು ಕೈಲೆ ಹಾಕಬ್ಯಾಡ!" ಹಣೆ ಹೇಳಿತು. ಬೊಗಸೆಯಲ್ಲಿ ಹಾಕಿದೆ. ಅಂಚು ಜಗ್ಗುವವರೆಗೂ ಹಾಕಿದೆ.

ಆಗ ಅತ್ತೆ ತೀರ ಸಣ್ಣ ದನಿಯಲ್ಲಿ ಕೇಳಿದಳು: "ಉಡ್ಯಾಗ ಏನದ ಬೇಟಾ?"

"ತುಂಬ್ಯದ, ಅವ್ವಾ" ಅಂದಳು ಅಕ್ಕ.