ಕೋಟೆಯ ಕಸದಲ್ಲಿ ಹನ್ನೊಂದು ಬಾಟಲಿ

ಹಳೆಯ ಬಾಟಲಿಗಳ ಹುಚ್ಚಿಗೆ ಮದ್ದಿಲ್ಲ. ಇದ್ದ ಮದ್ದನ್ನು ಯಾರೋ ಎಂದೋ ಕುಡಿದು ಬಾಟಲಿಯನ್ನಷ್ಟೇ ಎಸೆದುಹೋಗಿರುತ್ತಾರೆ. ನನಗೆ ಈ ಹುಚ್ಚು ಹತ್ತಿದ್ದು ನಮ್ಮ ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ. ಅದಕ್ಕೆ ಸರಕಾರವೇ ಕಾರಣವೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಕಚೇರಿಯಲ್ಲಿ ನಾನು ಉರ್ದು ಗುಮಾಸ್ತ. ಔರಾದ, ಸಂತಪುರದ ಕಡತಗಳು ಮೇಜಿನ ಮೇಲೆ ಮಲಗಿದ್ದವು. ಹೈದರಾಬಾದಿಗೆ ಬರೆದರೆ ‘ಬೆಂಗಳೂರಿಗೆ ಬರೆಯಿರಿ’ ಎಂದು ಜವಾಬು. ಬೆಂಗಳೂರಿಗೆ ಬರೆದರೆ ಜವಾಬೇ ಇಲ್ಲ. ಹಗಲೆಲ್ಲ ಕನ್ನಡ ಕಾಪಿ ತಿದ್ದುವುದು, ಸಂಜೆ ಮಣ್ಣು ಕೆದಕುವ ಖುರ್ಪಿ ಹಿಡಿದು ಕೋಟೆಗೆ ಹೋಗುವುದು, ಇದೇ ನನ್ನ ದಿನಚರಿಯಾಯಿತು.

ಕೋಟೆಯೊಳಗೆ ಒಂದು ಮುರುಕು ಮಹಲಿನ ಹಿಂದೆ ಹಿಂದಿನ ಕಾಲದ ಸಿಪಾಯಿಗಳು ಕಸ ಸುರಿದ ದಿಬ್ಬವಿತ್ತು. ಮೇಲೆ ಬೂದಿ, ಅದರ ಕೆಳಗೆ ಬಳೆಚೂರು, ಎಲುಬು, ಅದಕ್ಕೂ ಕೆಳಗೆ ಬಾಟಲಿ. ಆತುರಪಟ್ಟರೆ ಕುತ್ತಿಗೆ ಮುರಿಯುತ್ತದೆ, ಬಾಟಲಿಯದು. ಹಾಗಾಗಿ ನಾನು ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ನಿಧಾನವಾಗಿ ಅಗೆಯುತ್ತಿದ್ದೆ. ಮನೆಗೆ ತಂದ ಮೇಲೆ ಬೇರೆಯೇ ಪರೀಕ್ಷೆ. ಕಸದ ವಸ್ತು ಹೊಸ್ತಿಲು ದಾಟಬಾರದೆಂದು ಹೆಂಡತಿ ನೀಲಮ್ಮನ ಕಟ್ಟಪ್ಪಣೆ. ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿದರೂ ಬಾಟಲಿಗಳಿಗೆ ಹೊರಗಿನ ಕಟ್ಟೆಯ ಮೇಲೆಯೇ ವಾಸ.

“ಭಾಲ್ಕ್ಯಾಗ ನಮ್ಮಪ್ಪ ಕೇಳ್ದ್ರ ಏನ್ ಹೇಳ್ಲಿರಿ? ಅಳಿಯ ತಿಪ್ಪಿ ಕೆದರ್ಲಾಕ ಹೋಗ್ಯಾನ ಅಂತೇನು?” ಎಂದಳು ಒಮ್ಮೆ.

“ಸಂಶೋಧನಾ ಮಾಡ್ಲಾಕತ್ಯಾನ ಅಂತ ಹೇಳು.”

“ಕೋಳಿನೂ ಅದೇ ಮಾಡ್ತದ.”

ನಾವಿದ್ದ ಚಿದ್ರಿಯಲ್ಲಿ ಪಕ್ಕದ ಮನೆಯ ಖಾಸಿಂ ಉಸ್ತಾದರು ಬಿದರಿ ಕೆಲಸದವರು. ಬೆಳ್ಳಿ ತಂತಿ ಕೂಡಿಸಿದ ತಟ್ಟೆಯನ್ನು ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಿನಲ್ಲಿ ಅದ್ದಿದರೆ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಆದರೆ ಮಣ್ಣು ಎಲ್ಲೆಂದರಲ್ಲಿಯದಾಗದು. ತಲೆಮಾರುಗಳಿಂದ ಬಿಸಿಲು ಮಳೆ ಕಾಣದ ಮಣ್ಣಾಗಬೇಕು. ಉಸ್ತಾದರು ಅದನ್ನು ನಾಲಗೆಯ ತುದಿಗಿಟ್ಟು ಗುರುತಿಸುತ್ತಿದ್ದರು. ಹೊಸ ರಾಜ್ಯದವರು ಕುಶಲಕರ್ಮಿಗಳಿಂದ ಮಾದರಿ ಕೇಳಿದ್ದರು. ಮಾದರಿ ಮೆಚ್ಚಿದರೆ ಮುಂದೆ ಕೆಲಸ. ಕಣ್ಣು ಮಂಜಾಗುತ್ತಿದ್ದ ಉಸ್ತಾದರು ನಾಲ್ಕು ತಿಂಗಳಿಂದ ಬೆಳ್ಳಿಯ ಬಳ್ಳಿ ಕೂಡಿಸುತ್ತ ಒಂದೇ ತಟ್ಟೆಯ ಮೇಲೆ ಬಗ್ಗಿದ್ದರು.

“ಹೈದ್ರಾಬಾದ್ನಾಗ ನನ್ ಹೆಸರ್ ಗೊತ್ತದ್ರಿ. ಮೈಸೂರಿನವ್ರಿಗಿ ನಾ ಯಾರು? ಆ ಕರೀ ಬಣ್ಣಾನೇ ಮಾತಾಡ್ಬೇಕು. ತಟ್ಟಿ ನಂದು, ಅರ್ಜಿ ನಿಮ್ದು ಸಾಹೇಬ್ರ,” ಎಂದಿದ್ದರು. ನಾನು ಒಪ್ಪಿ ಆಗಲೇ ಒಳ್ಳೆಯ ಕಾಗದ ತೆಗೆದಿಟ್ಟಿದ್ದೆ.

ಆ ವಾರವೇ ಮಹಲಿನ ಒಳಕೋಣೆಯಲ್ಲಿ, ಚಾವಣಿ ಉಳಿದಿದ್ದ ಒಂದು ಮೂಲೆಯಲ್ಲಿ, ಜೋಪಾನವಾಗಿ ಮುಚ್ಚಿಟ್ಟ ಕಲ್ಲುಚಪ್ಪಡಿ ಕಂಡೆ. ಬುದ್ಧಿಯಿದ್ದವನು ಯಾಕೆ ಮುಚ್ಚಿದ್ದಾರೆಂದು ಯೋಚಿಸುತ್ತಿದ್ದ. ನಾನು ಏನು ಮುಚ್ಚಿದ್ದಾರೆಂದು ಯೋಚಿಸಿದೆ. ಮೂರು ಸಂಜೆ ಅಗೆದು ಮಣ್ಣನ್ನೆಲ್ಲ ಬಯಲಿಗೆ ತೋಡಿಹಾಕಿದೆ. ಹನ್ನೊಂದು ಬಾಟಲಿ ಸಿಕ್ಕವು, ಅದರಲ್ಲೊಂದು ಬೆರಳುದ್ದದ ನೀಲಿ ಶೀಶೆ. ಚಪ್ಪಡಿ ಮತ್ತೆ ಎಳೆಯಲು ಸೊಂಟ ಒಪ್ಪಲಿಲ್ಲ. ಮರುದಿನ ಹಿಡಿದ ಮಳೆ ಎರಡು ದಿನ ಬಿಡಲಿಲ್ಲ.

ಮಳೆ ನಿಂತ ಸಂಜೆ ಉಸ್ತಾದರು ನಮ್ಮ ಕಟ್ಟೆಗೆ ಬಂದು ಕೂತರು. ನೀಲಮ್ಮ ಚಹಾ ಕೊಟ್ಟಳು. ನೀಲಿ ಶೀಶೆಯನ್ನು ಇನ್ನೂ ತೊಳೆದಿರಲಿಲ್ಲ. ಹೆಮ್ಮೆ ತಡೆಯದೆ ಹಾಗೆಯೇ ಅವರ ಕೈಗಿಟ್ಟೆ. ಅವರು ಅದನ್ನು ತಿರುಗಿಸಿ, ತಳಕ್ಕಂಟಿದ ಮಣ್ಣನ್ನು ಉಗುರಿನಿಂದ ಕೆರೆದು ನಾಲಗೆಗಿಟ್ಟರು. ಚಹಾದ ಬಸಿ ಕೆಳಗಿಟ್ಟರು.

“ಇದು ಎಲ್ಲಿ ಸಿಕ್ತುರಿ?”

“ಅಷ್ಟೂರ ಹಳ್ಳಿ ಕಡಿ,” ಎಂದೆ. ಯಾಕೆ ಹಾಗೆಂದೆನೋ ಇಂದಿಗೂ ತಿಳಿಯದು. ನೀಲಮ್ಮ ನನ್ನ ಮುಖ ನೋಡಿದಳು.

“ಅಷ್ಟೂರ ಮಣ್ಣು ಸಪ್ಪಗ ಇರ್ತದ್ರಿ,” ಎಂದು ಉಸ್ತಾದರು ಮೆಲ್ಲಗೆ ಹೇಳಿದರು. “ಕ್ವಾಟಿಯಾಗ ನಮ್ಮಪ್ಪ ತೋರಿಸಿದ್ ಜಾಗಾ ಒಂದಿತ್ತು. ಮ್ಯಾಲ ಕಲ್ಲು ಮುಚ್ಚಿದ್ದೆ. ಇವತ್ತ ಹೋದ್ರ ಮಣ್ಣೆಲ್ಲ ಬಯಲಾಗ ಮಳಿಗಿ ತೊಳದ್ ಹೋಗ್ಯಾದ, ತಗ್ಗಿನಾಗ ಹರಿದ್ ಬಂದ ನೀರು ನಿಂತದ.”

ಆಗಲಾದರೂ ಬಾಯಿ ಬಿಡಬೇಕಿತ್ತು. ನಾನು ಚಹಾಕ್ಕೆ ಸಕ್ಕರೆ ಕಡಿಮೆಯೆಂದೆ.

ಒಂದು ವಾರ ಅವರು ಕೋಟೆಯ ಮೂಲೆ ಮೂಲೆಯ ಮಣ್ಣು ನೆಕ್ಕಿದರು. ಸಿಕ್ಕ ಮಣ್ಣಿನಲ್ಲಿ ಮೂರು ಸಲ ಅದ್ದಿದರೂ ತಟ್ಟೆ ಕಪ್ಪಾಗದೆ ಬೂದಿ ಬಣ್ಣದ್ದಾಗಿಯೇ ಉಳಿಯಿತು. ಅಷ್ಟು ಸಣ್ಣ ಬೆಳ್ಳಿಯ ಬಳ್ಳಿ ಅದರಲ್ಲಿ ಕಾಣಿಸದೇ ಹೋಯಿತು. ಕಳಿಸುವ ಕಡೆಯ ದಿನ ಅದನ್ನು ಬಟ್ಟೆಯಲ್ಲಿ ಸುತ್ತಿ ತಂದರು.

“ಬರೀರಿ. ಬಣ್ಣ ಯಾಕ ಕೂಡ್ಲಿಲ್ಲ ಅಂತನೂ ಒಂದ್ ಸಾಲು ಹಾಕ್ರಿ. ಸುಳ್ಳು ಮಾತ್ರ ಬ್ಯಾಡ.”

ನಾನು ಬರೆದೆ: ‘ಪ್ರಕೃತಿ ವೈಪರೀತ್ಯದ ಕಾರಣ ಸದರಿ ತಟ್ಟೆಗೆ ಯುಕ್ತವಾದ ಬಣ್ಣ ಬಂದಿರುವುದಿಲ್ಲ.’ ಓದಿ ಹೇಳಿದೆ.

“ಹಂಗಂದ್ರ ಏನ್ರಿ?”

“ಮಳಿ ಬಂತು ಅಂತ.”

ಅವರು ಕಟ್ಟೆಯ ಮೇಲಿದ್ದ ನೀಲಿ ಶೀಶೆಯನ್ನು ಪಕ್ಕಕ್ಕೆ ಸರಿಸಿ ಕಾಗದ ಎಳೆದುಕೊಂಡರು. “ಮಳಿ ಬಂದಿದ್ದು ಖರೇನೇ ಅದ,” ಎಂದು ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದರು.

ಮೂರು ತಿಂಗಳಿಗೆ ತಟ್ಟೆ ವಾಪಸು ಬಂತು, ಬಣ್ಣ ಸಮಾಧಾನಕರವಾಗಿಲ್ಲವೆಂಬ ಚೀಟಿಯೊಂದಿಗೆ. ಅರ್ಜಿಯ ನಕಲನ್ನು ನೋಡಿದ್ದ ನಮ್ಮ ಕಚೇರಿಯ ಸಾಹೇಬರು ಮಾತ್ರ ಇಷ್ಟು ಚೊಕ್ಕ ಕನ್ನಡ ಬರೆಯುವವನು ಉರ್ದು ಮೇಜಿನಲ್ಲಿ ಯಾಕಿದ್ದಾನೆಂದು ನನ್ನನ್ನು ಕನ್ನಡ ಶಾಖೆಗೆ ಮೇಲೇರಿಸಿದರು. ಸುದ್ದಿ ತಿಳಿದ ಸಂಜೆ ಉಸ್ತಾದರು ಪೇಢೆಯ ಪೊಟ್ಟಣ ಹಿಡಿದು ಬಂದರು.

“ಇಬ್ಬರಾಗ ಒಬ್ಬರ ಕೆಲ್ಸಾರ ಪಾಸಾಯ್ತು ಬಿಡ್ರಿ ಸಾಹೇಬ್ರ. ತಗೋರಿ.”

ನೀಲಮ್ಮ ಒಂದನ್ನೂ ಮುಟ್ಟಲಿಲ್ಲ. ನಾನು ಎರಡು ತಿಂದೆ.