ಗಾಜಿನ ತೊಟ್ಟಿಗೆ ಮಾವ ಕಲ್ಲು ಇಳಿಸಿದ್ದು

ನಮ್ಮ ಮಾವ ಮುಟ್ಟಿಯೂ ಮುರಿಯದೆ ಉಳಿದ ವಸ್ತುವನ್ನು ನಮ್ಮೂರು ಕೊಂಬೈಯಲ್ಲಿ ಯಾರಾದರೂ ಕಂಡಿದ್ದರೆ ಮುಂದೆ ಬರಲಿ! ಅಂಗೈ ಒಂದೊಂದೂ ಮೊರದಷ್ಟು. ನಾನು ಸೊಸೆಯಾಗಿ ಮನೆ ಹೊಕ್ಕ ವಾರದಲ್ಲೇ ಬಾಗಿಲ ಚಿಲಕ ಅವರ ಕೈಗೆ ಕಿತ್ತು ಬಂತು. ಸರಿಪಡಿಸಲು ಹೋದಾಗ ಬಾಗಿಲೂ ಬಂತು. ಮಡಕೆಗಳ ಹತ್ತಿರ ಸುಳಿಯಲೂ ಅತ್ತೆ ಅವರನ್ನು ಬಿಡುತ್ತಿರಲಿಲ್ಲ.

ಅಂಥವರಿಗೆ ದೇವರು ಏನು ಕೊಡಬೇಕು? ಗಾಜಿನ ತೊಟ್ಟಿ!

ಬೆಟ್ಟದ ಮೇಲೆ ಅಣೆಕಟ್ಟು ಏಳುತ್ತಿದ್ದ ಕಾಲ. ಮಾವನ ಗಾಡಿಗಳು ಅಲ್ಲಿಗೆ ಸುಣ್ಣ ಸಾಗಿಸುತ್ತಿದ್ದವು. ಸೀಮೆಗೆ ಹೊರಟಿದ್ದ ಬಿಳಿಯ ದೊರೆಯೊಬ್ಬ ತಾನು ಮೀನು ಸಾಕಿದ್ದ ತೊಟ್ಟಿಯನ್ನು ಇವರಿಗೆ ಕೊಟ್ಟುಬಿಟ್ಟ. ಹುಲ್ಲಿನಲ್ಲಿ ಹುದುಗಿಸಿ, ಎತ್ತುಗಳಿಗೆ "ಮೆಲ್ಲಕ್ಕೆ, ಮೆಲ್ಲಕ್ಕೆ" ಎನ್ನುತ್ತ ಘಟ್ಟವಿಡೀ ನಡೆದೇ ಬಂದರು. ತೊಟ್ಟಿ ಸುಖವಾಗಿ ಮನೆ ಸೇರಿತು. ಉಸ್ಸೆಂದು ಗಾಡಿಗೆ ಒರಗಿದರು ನೋಡಿ, ನೊಗ ಮುರಿಯಿತು!

ಕಾಲುವೆಯ ಕೆಂಡೆ ಮೀನುಗಳನ್ನು ತಂದು ಬಿಟ್ಟರು. ಅವು ಮೂಲೆಯಲ್ಲಿ ಮುದುರಿ ನಿಂತವು. ಅನ್ನದ ಅಗುಳನ್ನು ಮೂಸಲೂ ಇಲ್ಲ. ಒಂದೊಂದೇ ಸತ್ತು ತೇಲತೊಡಗಿದಾಗ ಮಾವನಿಗೂ ಊಟ ಸೇರದಾಯಿತು.

"ಮರೆ ಇಲ್ದೆ ಪಯ ಬಿದ್ದು ಹೆದ್ರವೆ. ಹೊಳೆಕಲ್ಲು ಇಡ್ತೀನಿ" ಎಂದರು.

ಅತ್ತೆ ತೊಟ್ಟಿಯ ಗಾಜಿನತ್ತ ಕೈ ತೋರಿ ಹೌಹಾರಿದರು. "ಕಲ್ಲು, ಕಣ್ಣಾಡಿ, ನಿಮ್ಮ ಕೈ! ಮೂರೂ ಒಂದ್ಕಡೆ ಸೇರುದ್ರೆ ಊರು ಉಳೀತದಾ?"

ಮಾವ ಅಭ್ಯಾಸಕ್ಕೆ ಇಳಿದರು. ನೆಲದ ಮೇಲೆ ಹಪ್ಪಳ ಇಡುವುದು, ಅದಕ್ಕೆ ಸೋಕಿಯೂ ಸೋಕದಂತೆ ಕಲ್ಲನ್ನು ಇಳಿಸಿ ನಿಲ್ಲಿಸುವುದು. ಆ ದಿನಗಳಲ್ಲಿ ನಮಗೆ ಹಪ್ಪಳದ ಪುಡಿಯೇ ಪಲ್ಯ! ಕೊನೆಗೊಮ್ಮೆ ಹಪ್ಪಳ ಇಡಿಯಾಗಿ ಉಳಿಯಿತು. ಬೀದಿಗೆಲ್ಲ ತೋರಿಸೋಣವೆಂದು ಮಾವ ಅದನ್ನು ಕೈಗೆತ್ತಿಕೊಂಡರು. ಪುಡಿ!

ಕಲ್ಲು ಇಳಿಸುವ ದಿನ ಬೀದಿಯೇ ನಮ್ಮ ಜಗಲಿಗೆ ಬಂತು. ಮಾವ ಮೀನುಗಳನ್ನು ಹಂಡೆಗೆ ಬಿಟ್ಟು, ತೊಟ್ಟಿಯ ನೀರು ಬಸಿದು, ತಳಕ್ಕೆ ತೆಂಗಿನ ನಾರನ್ನು ಮಂದವಾಗಿ ಹಾಸಿದರು.

"ಮೊದ್ಲು ಮಣಲು ಸುರೀರಿ" ಎಂದರು ನೆರೆಮನೆಯವರು, ಮರಳಿನ ಬುಟ್ಟಿ ತೋರಿಸಿ.

"ಮಣಲು ಆಮ್ಯಾಕೆ. ಮೀನು ಅದನ್ನ ತೋಂಡಿ ಕುಳಿ ಮಾಡುದ್ರೆ ಕಲ್ಲು ಉರುಳಿ ಕಣ್ಣಾಡಿಗೆ ಬೀಳ್ತದೆ. ಕಲ್ಲು ತಳದಾಗೇ ಕುಂದ್ರಬೇಕು."

ಹಳೆಯ ಸೀರೆಯ ಜೋಲಿಯಲ್ಲಿ ಕಲ್ಲು. ಒಂದು ತುದಿ ಮಾವನ ಕೈಯಲ್ಲಿ. ಇನ್ನೊಂದು? ನೆರೆದವರೆಲ್ಲ ಒಂದೊಂದು ಹೆಜ್ಜೆ ಹಿಂದೆ! ಬೈಯುತ್ತಲೇ ಅತ್ತೆ ಸೆರಗು ಬಿಗಿದು ಬಂದು ಹಿಡಿದರು.

"ಯಾರೂ ಮೂಚ್ಚು ಬಿಡಬ್ಯಾಡ್ರಿ!" ಎಂದರು ಮಾವ.

ಬೀದಿನಾಯಿಯೂ ಉಸಿರು ಬಿಟ್ಟಿರಲಾರದು. ಕಲ್ಲು ಇಳಿಯಿತು, ಚಪ್ಪಟೆ ಮುಖ ಕೆಳಗಾಗಿ, ನಾಲ್ಕೂ ಗಾಜಿನಿಂದ ದೂರವಾಗಿ. ಸದ್ದೇ ಇಲ್ಲ! ಎರಡನೆಯದು ಅದಕ್ಕೆ ಒರಗಿ ಕೂತಿತು. ಮಾವ ಬೆರಳಿನಿಂದ ನೂಕಿ ನೋಡಿದರು, ಕದಲಲಿಲ್ಲ. ಆಮೇಲೆ ಮರಳು, ನೀರು, ಕೊನೆಗೆ ಮೀನು. ಅವು ಸರ್ರನೆ ಕಲ್ಲಿನ ಸಂದಿಗೆ ನುಗ್ಗಿದವು. ತುಸು ಹೊತ್ತಿಗೆ ಒಂದೊಂದೇ ಇಣುಕಿ ಅಗುಳಿಗೆ ಬಾಯಿ ಹಾಕಿದವು. ಬೀದಿ ಹೋ ಎಂದಿತು! ಗೆದ್ದ ಉಬ್ಬಿಗೆ ಮಾವ ಜಗಲಿಯ ಕಂಬಕ್ಕೊಂದು ಗುದ್ದಿದರು. ಮೇಲಿನಿಂದ ಎರಡು ಹೆಂಚು ಉದುರಿದವು. ಅದಕ್ಕೆ ಮಾತ್ರ ಅತ್ತೆ ಬೈಯಲೂ ಇಲ್ಲ!

ಆಗ ನನ್ನ ಮಗಳಿಗೆ ತಿಂಗಳು ತುಂಬಿತ್ತು. ಮಾವ ಅವಳನ್ನು ನೋಡುತ್ತಿದ್ದುದು ಹೊಸಿಲಾಚೆಯಿಂದ, ಕೈ ಹಿಂದೆ ಕಟ್ಟಿಕೊಂಡು. ಹಾಗೆ ದೂರ ನಿಲ್ಲಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ಆ ಸಂಜೆ ನಾನು ಏನೂ ಕೇಳದೆ ಕೂಸನ್ನು ಅವರ ತೋಳಿಗಿಟ್ಟೆ. "ಬ್ಯಾಡಮ್ಮಾ" ಎಂದರು, ತೋಳು ಆಗಲೇ ತೊಟ್ಟಿಲಾಗಿತ್ತು. ಅವಳು ಅವರ ಹೆಬ್ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಿದ್ದೆಹೋದಳು.

ಊಟಕ್ಕೆ ಕರೆದಾಗ ಮಾವ ತಲೆ ಎತ್ತದೆ ಪಿಸುಗುಟ್ಟಿದರು:

"ಹೆಂಗಮ್ಮಾ ಬರ್ಲಿ? ಇವಳು ಬಿಡ್ತಿಲ್ಲ."