ಅತ್ತೆಯ ಮೈಯಲ್ಲಿ ನನ್ನ ರಕ್ತ

ನಮ್ಮ ಚರ್ಮದ ಒಳಗೆ ಏನೇನು ನಡೆಯುತ್ತಿದೆ ಎಂಬುದು ಗೊತ್ತಿಲ್ಲದಿರುವಷ್ಟು ದಿನವೂ ನಾವು ಸುಖವಾಗಿರುತ್ತೇವೆ ಎಂಬುದು ನನ್ನ ಅನುಭವ. ನನಗೆ ಆ ಸುಖ ತಪ್ಪಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಮಗೆ ಪಾಠ ಹೇಳುತ್ತಿದ್ದ ಸಿಸ್ಟರ್ ಒಂದು ದಿನ ಕರಿಹಲಗೆಯ ತುಂಬ ಒಂದು ಹೃದಯ ಬರೆದರು. ನಾಲ್ಕು ಕೋಣೆಗಳು, ನಡುವೆ ಗೋಡೆ, ಒಂದೇ ಕಡೆಗೆ ತೆರೆಯುವ ಪುಟ್ಟ ಪುಟ್ಟ ಬಾಗಿಲುಗಳು. ಎಡಗಡೆಯ ಎರಡು ಕೋಣೆಗೆ ಕೆಂಪು ಸೀಮೆಸುಣ್ಣ, ಬಲಗಡೆಯ ಎರಡಕ್ಕೆ ನೀಲಿ. ನಾನು ಅದನ್ನು ನೋಡಿ ಬರೆದು, ಬಣ್ಣ ಹಚ್ಚಿ, ಎಲ್ಲರಿಗಿಂತ ಚೆಂದ ಎನಿಸಿಕೊಂಡೆ. ಅದರ ಫಲವಾಗಿ, ಮನುಷ್ಯನ ಮೈಯಲ್ಲಿ ಅರ್ಧ ರಕ್ತ ಕೆಂಪು, ಅರ್ಧ ನೀಲಿ ಎಂದು ಮದುವೆಯಾಗಿ ಬಸ್ರೂರಿಗೆ ಬಂದಮೇಲೂ ನಂಬಿಕೊಂಡಿದ್ದೆ. ಅನುಮಾನ ಬಂದಾಗಲೆಲ್ಲ ಮುಂಗೈ ತಿರುಗಿಸಿ ನೋಡಿಕೊಂಡರೆ ನೀಲಿ ನರಗಳು ಸಾಕ್ಷಿ ಹೇಳುತ್ತಿದ್ದವು.

ಆ ನಂಬಿಕೆ ಮುರಿದುಬಿದ್ದ ದಿನ ನಮ್ಮ ಅತ್ತೆಗೆ ಆಪರೇಷನ್. ಹೊಟ್ಟೆಯಲ್ಲಿ ಗೆಡ್ಡೆ ಎಂದು ಬ್ರಹ್ಮಾವರದಾಚೆಯ ದೊಡ್ಡಾಸ್ಪತ್ರೆಗೆ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆವು. ದೀಪಾವಳಿ ಆಗಷ್ಟೇ ಮುಗಿದಿತ್ತು. ಡಾಕ್ಟರು ಅತ್ತೆಯ ಕಣ್ಣಿನ ರೆಪ್ಪೆ ಎಳೆದು ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಯಾರಾದರೂ ಕೊಡದೆ ಕತ್ತಿ ಮುಟ್ಟಿಸುವುದಿಲ್ಲ ಎಂದರು. ನಮ್ಮವರು, ನಾದಿನಿ ಗಿರಿಜ, ಇಬ್ಬರೂ ಮುಂದೆ ಬಂದರು. ಬೆರಳು ಚುಚ್ಚಿ ನೋಡಿದರು, ಇಬ್ಬರದ್ದೂ ಆಗುವುದಿಲ್ಲವಂತೆ. ಅತ್ತೆಯ ಅಣ್ಣ, ನಮ್ಮ ಮನೆಯ ಯಜಮಾನರು, ತೋಳು ಮಡಚಿ ಕೂತೇಬಿಟ್ಟರು. ಅವರಿಗೆ ಪ್ರಾಯ ಆಗಿದೆ ಎಂದು ಎಬ್ಬಿಸಿದರು. ಉಳಿದವಳು ನಾನು. ನನ್ನದು ಸರಿಹೊಂದಿತು! ಹೆತ್ತ ಮಕ್ಕಳದ್ದು ಆಗದೆ, ಹೊರಗಿನಿಂದ ಬಂದ ಸೊಸೆಯದು ಆಗುತ್ತದೆ ಎಂದರೆ ದೇವರಿಗೂ ಸ್ವಲ್ಪ ತಮಾಷೆ ಬೇಕಿತ್ತು ಎಂದಾಯಿತು. ಗಿರಿಜ ನನ್ನನ್ನು ನೋಡಿದ ನೋಟ, ನಾನೇನೋ ಅವಳ ಸೀರೆ ಉಟ್ಟುಕೊಂಡು ಬಂದಿದ್ದೇನೆ ಎನ್ನುವ ಹಾಗಿತ್ತು.

ಮಂಚದ ಮೇಲೆ ಮಲಗಿಸಿ, ಮೊಣಕೈ ಮಡಿಕೆಯ ನೀಲಿ ನರಕ್ಕೇ ಸೂಜಿ ಹಾಕಿದರು. ಬಾಟ್ಲಿಗೆ ನೀಲಿ ರಕ್ತ ಇಳಿಯುವುದನ್ನು ಕಾಯುತ್ತಾ ಕತ್ತು ತಿರುಗಿಸಿದೆ. ಇಳಿದದ್ದು ಕಡುಗೆಂಪು. ನೇರಳೆಹಣ್ಣು ತಿಂದು ಉಗುಳಿದ ಹಾಗೆ ಸ್ವಲ್ಪ ಕಪ್ಪು ಕಪ್ಪು, ಆದರೆ ಕೆಂಪೇ. "ನೀಲಿ ಎಲ್ಲಿ?" ಎಂದು ಗಾಬರಿಯಿಂದ ಕೇಳಿಯೂಬಿಟ್ಟೆ. ನರ್ಸಮ್ಮ ನಕ್ಕು, "ಚರ್ಮದ ಮೇಲಿಂದ ಹಾಗೆ ಕಾಣ್ತದೆ ಅಷ್ಟೆ. ರಕ್ತ ನೀಲಿ ಇರುದು ಯಾರಿಗೂ ಇಲ್ಲ" ಎಂದಳು. ಅಷ್ಟು ವರ್ಷ ಸೀಮೆಸುಣ್ಣವನ್ನು ನಂಬಿದ್ದೆನಲ್ಲ ಎಂದು ನನಗೆ ತಲೆ ತಿರುಗಿತು. ರಕ್ತ ಕೊಟ್ಟದ್ದಕ್ಕೆ ತಿರುಗಿದ್ದು ಎಂದು ಅವರು ಹಾರ್ಲಿಕ್ಸ್ ಕೊಟ್ಟರು.

ಅತ್ತ ಅತ್ತೆಯ ಕೈಗೆ ಬಾಟ್ಲಿ ತೂಗುಹಾಕಿದಾಗ ಯಜಮಾನರು ಡಾಕ್ಟರನ್ನು ಬಾಗಿಲಲ್ಲೇ ತಡೆದರು.

"ಹ್ವಾಯ್ ಡಾಕ್ಟ್ರೇ, ಇದ್ ಕೈಯೊಳ್ಗೇ ನಿಲ್ತಾ, ಮೇಲೂ ಹೋತ್ತಾ?"

"ನಿಲ್ಲುವುದೆಲ್ಲಿ ಬಂತು? ಒಂದು ನಿಮಿಷ ಸಾಕು ಯಜಮಾನರೆ. ಮೊದಲು ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ಹೋಗಿ ಗಾಳಿ ತುಂಬಿಕೊಂಡು ಪುನಃ ಹೃದಯಕ್ಕೆ, ಅಲ್ಲಿಂದ ಕಾಲ್ಬೆರಳಿನ ತನಕ."

"ತಲಿಗೂ ಹೋತ್ತಾ?"

"ತಲೆಗೇ ಹೆಚ್ಚು ಬೇಕು."

"ಹಾಂಗಾರೆ ಆಯ್ತ್," ಎಂದು ಯಜಮಾನರು ಬೆಂಚಿನ ಮೇಲೆ ಕುಸಿದು ಕೂತರು. ತಂಗಿಯ ಚಿಂತೆ ಎಂದುಕೊಂಡು ನಾನು ನನ್ನ ಹಾರ್ಲಿಕ್ಸಿನ ಉಳಿಕೆಯನ್ನು ಅವರಿಗೇ ಕೊಟ್ಟೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದಮೇಲೆ ಅತ್ತೆಯನ್ನು ನಮ್ಮ ಕೋಣೆಯಲ್ಲೇ ಮಲಗಿಸಿಕೊಂಡು ನಾನು ಆರೈಕೆ ಮಾಡಿದೆ, ನಮ್ಮವರ ಹಾಸಿಗೆ ಹೊರಗೆ ಚಾವಡಿಗೆ ಹೋಯಿತು. ಅತ್ತೆ ಎದ್ದು ಓಡಾಡಿ, ಬಚ್ಚಲಿನ ಒಲೆಗೆ ತಾವೇ ಬೆಂಕಿ ಹಾಕುವಷ್ಟಾದರೂ ಆ ಹಾಸಿಗೆ ಒಳಗೆ ಬರಲಿಲ್ಲ. ಒಂದು ಸಂಜೆ ಯಜಮಾನರು ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿಕೊಂಡು ಗಂಟಲು ಸರಿಮಾಡಿಕೊಂಡರು. ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಬಳಿ ಎಂಬುದಿದೆ. ಗೋತ್ರವಿದ್ದ ಹಾಗೆ, ಆದರೆ ಅದು ಬರುವುದು ತಂದೆಯಿಂದಲ್ಲ, ತಾಯಿಯಿಂದ. ಒಂದೇ ಬಳಿಯ ಗಂಡು ಹೆಣ್ಣು ಅಣ್ಣ ತಂಗಿಯರ ಲೆಕ್ಕ. ಮದುವೆಯ ಮಾತು ಎತ್ತುವ ಮೊದಲು ಕೇಳುವ ಪ್ರಶ್ನೆಯೇ ಅದು. ನಮ್ಮ ಮದುವೆಗೂ ಕೇಳಿದ್ದರು, ಬೇರೆ ಬೇರೆ ಎಂದು ಖಾತ್ರಿ ಮಾಡಿಕೊಂಡಿದ್ದರು.

"ಕಾಣಿ," ಎಂದರು ಯಜಮಾನರು, "ಬಳಿ ಬಪ್ಪುದ್ ರಕ್ತದಿಂದ. ಇವ್ಳ್ ರಕ್ತ ತಂಗಿ ಎದಿಗ್ ಹೋಯ್ತ್, ತಲಿಗ್ ಹೋಯ್ತ್. ಡಾಕ್ಟ್ರೇ ಹೇಳಿರ್. ಹಾಂಗಾರೆ ತಂಗಿ ಈಗ ಇವ್ಳ್ ಬಳಿ ಆಯ್ತ್ ಅಲ್ದಾ? ತಾಯಿದ್ ಯಾವ್ ಬಳಿಯೋ ಮಗಂದೂ ಅದೇ ಬಳಿ. ಇನ್ನ್ ಇವ್ರಿಬ್ರ್ ಎಂತ ಆಯ್ತ್? ನೀವೇ ಹೇಳಿ."

ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಅವರಿಗೂ ಆ ಲೆಕ್ಕದಲ್ಲಿ ತಪ್ಪು ಸಿಗದೆ ಬಾಯಲ್ಲಿದ್ದ ಕಾಫಿ ಮೂಗಿಗೆ ಹತ್ತಿತು. ಮದುವೆಯಾಗಿ, ಐದು ವರ್ಷ ಸಂಸಾರ ಮಾಡಿ, ಒಂದು ಬಾಟ್ಲಿ ರಕ್ತದಿಂದ ಗಂಡನಿಗೆ ತಂಗಿಯಾಗಿಬಿಡುವುದೆಂದರೇನು! "ಶಿವರಾತ್ರಿ ಕಳಿಲಿ, ಹತ್ತ್ ಜನ ಹಿರಿಯರನ್ನ್ ಕರ್ದ್ ಕೇಂಬ. ಅಲ್ಲಿವರಿಗೆ ಹಾಸ್ಗಿ ಚಾವಡಿಲೇ ಇರ್ಲಿ" ಎಂದು ತೀರ್ಪಾಯಿತು.

ಅದಕ್ಕಿಂತ ದೊಡ್ಡ ಆಘಾತ ಮರುದಿನ ಬೆಳಿಗ್ಗೆ ಕಾದಿತ್ತು. ತಾಯಿಯ ಕಡೆಯಿಂದ ನಡೆಯುವ ಮನೆಗಳಲ್ಲಿ ಮಗಳೇ ರಾಣಿ. ಸೊಸೆ ಎಂದರೆ ಗಂಡನ ಜೊತೆ ಬಂದ ನೆಂಟಳು. ಐದು ವರ್ಷ ನಾನು ಆ ಮನೆಯ ಉಗ್ರಾಣದ ಬೀಗದಕೈ ಮುಟ್ಟಿದವಳಲ್ಲ. ಅದು ಅತ್ತೆಯ ಸೊಂಟದಲ್ಲಿ, ಗಿರಿಜ ಬಂದರೆ ಗಿರಿಜಳ ಸೊಂಟದಲ್ಲಿ. ಆ ಬೆಳಿಗ್ಗೆ ಅತ್ತೆ ಅದನ್ನು ಬಿಚ್ಚಿ ನನ್ನ ಕೈಗಿಟ್ಟು, "ಹಿಡ್ಕೋ ಹೆಣೆ. ನನ್ನ ಬಳಿಯಳ್ ನೀನ್" ಎಂದರು. ಮಧ್ಯಾಹ್ನ ಅಂಜಲ್ ಮೀನಿನ ನಡು ತುಂಡು ನನ್ನ ಬಟ್ಟಲಿಗೆ ಬಿತ್ತು. ಗಂಡನಿಗೆ ಬಾಲ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ನಾನು ಅತ್ತೆಯ ಎದುರು ಕೂತೆ, ಅತ್ತೆ ನನ್ನ ಎದುರು ಅಲ್ಲ. ನನ್ನ ತವರಿನ ಕಡೆ, ನಾನೇ ಮುಖ ಮರೆತಿದ್ದ ಒಬ್ಬ ಅಜ್ಜಿ ತೀರಿಕೊಂಡ ಸುದ್ದಿ ಬಂದಾಗ ಅತ್ತೆ ನನ್ನ ಜೊತೆ ತಾವೂ ಸೂತಕ ಹಿಡಿದು ಮೀನು ಬಿಟ್ಟರು. ಅಷ್ಟೇ ಅಲ್ಲ, ಆ ಅಜ್ಜಿಗಾಗಿ ನನಗಿಂತ ಚೆನ್ನಾಗಿ ಅತ್ತರು.

ಇತ್ತ ನಮ್ಮವರು ಚಾವಡಿಯ ಸೊಳ್ಳೆಗಳಿಗೆ ತಮ್ಮ ರಕ್ತ ಕೊಡುತ್ತಾ ಸೊರಗುತ್ತಿದ್ದರು. ಸೊಳ್ಳೆಗಳು ಬಳಿ ಕೇಳುವುದಿಲ್ಲ. ಒಂದು ದಿನ ಬಾವಿಕಟ್ಟೆಯಲ್ಲಿ ನನ್ನನ್ನು ಹಿಡಿದು, "ನೀನ್ ಕಾನ್ವೆಂಟಂಗೆ ಕಲ್ತದ್ ಎಂತಕ್ ಮಾರಾಯ್ತಿ? ಅಬ್ಬೆಗ್ ಸಮಾ ವಿವರ್ಸಿ ಹೇಳುಕಾತಿಲ್ಯಾ?" ಎಂದು ಅಂಗಲಾಚಿದರು. ಹತ್ತು ಜನ ಹಿರಿಯರ ಎದುರು ಗಂಡನನ್ನು ಕಳೆದುಕೊಳ್ಳುವುದನ್ನು ನೆನೆದು ನನಗೂ ಹೇಳಿಯೇಬಿಡೋಣ ಎನಿಸಿತು. ಜೊತೆಗೆ, ಪಾಠ ಒಪ್ಪಿಸುವ ಹಳೆಯ ಚಪಲವೂ ಎದ್ದಿತು ಎನ್ನಿ.

ಅಂದು ಅತ್ತೆಯ ಮುಂದೆ ಕೂತು ಶುರುಮಾಡಿದೆ. ಸೀಮೆಸುಣ್ಣದ ಸಹವಾಸ ಬೇಡವೆಂದು ಬಸ್ಸು ಹಿಡಿದೆ. ಹೃದಯ ಎಂದರೆ ಕುಂದಾಪುರದ ಬಸ್‌ಸ್ಟ್ಯಾಂಡು. ರಕ್ತದಲ್ಲಿರುವ ಕೆಂಪು ಕಣಗಳು ಬಸ್ಸುಗಳು. ಊರೆಲ್ಲ ಸುತ್ತಿ ಖಾಲಿಯಾಗಿ ಬಂದ ಬಸ್ಸು ಸ್ಟ್ಯಾಂಡಿನ ಬಲಗಡೆಯಿಂದ ಒಳಗೆ ಬಂದು, ಶ್ವಾಸಕೋಶಕ್ಕೆ ಹೋಗಿ, ಗಾಳಿ ಎಂಬ ಜನರನ್ನು ಹತ್ತಿಸಿಕೊಂಡು, ಎಡಗಡೆಯಿಂದ ಪುನಃ ಹೊರಡುತ್ತದೆ. ದೊಡ್ಡ ರಸ್ತೆ, ಸಣ್ಣ ರಸ್ತೆ, ಕೊನೆಗೆ ಕೂದಲಿಗಿಂತ ಸಪೂರದ ಓಣಿ. ಅಲ್ಲಿ ಜನ ಇಳಿಯುತ್ತಾರೆ, ಬಸ್ಸು ಮರಳುತ್ತದೆ.

"ಹಾಂಗಾರೆ ನಿನ್ನ ಬಸ್ಸ್ ನನ್ನ ರೋಡಗೆ ಓಡ್ತಾ ಇತ್ತ್," ಎಂದರು ಅತ್ತೆ, ಎದೆಯ ಮೇಲೆ ಕೈಯಿಟ್ಟು.

"ಓಡ್ತಿತ್ತು ಅತ್ತೆ. ಆದ್ರೆ ಬಸ್ಸು ಹಳೇದಾಗ್ತದಲ್ಲ? ಮೂರು ನಾಲ್ಕು ತಿಂಗಳಲ್ಲಿ ಒಂದೊಂದೇ ಗುಜರಿಗೆ ಹೋಗ್ತದೆ. ಹೊಸದನ್ನು ನಿಮ್ಮ ಎಲುಬಿನ ಒಳಗಿನ ಮಜ್ಜೆಯೇ ಮಾಡ್ತದೆ. ಅದೆಲ್ಲ ನಿಮ್ಮದೇ."

ಅತ್ತೆ ಬೆರಳು ಮಡಚಿದರು. ದೀಪಾವಳಿ ಕಳೆದದ್ದು, ಷಷ್ಠಿ, ಸಂಕ್ರಾಂತಿ. ನಾಡಿದ್ದು ಶಿವರಾತ್ರಿ.

"ಹಾಂಗಾರೆ ನಿಂದ್ ಈಗ ಒಂದೂ ಇಲ್ಲೆ?"

"ಒಂದೂ ಇಲ್ಲ!" ಎಂದೆ ಗೆಲುವಿನಿಂದ, ಸಿಸ್ಟರ್ ಎದುರು ನಿಂತ ಹುಡುಗಿಯ ಹಾಗೆ.

ಅತ್ತೆ ಮಡಚಿದ್ದ ಬೆರಳುಗಳನ್ನು ಬಿಡಿಸಿದರು. ಅವರಿಗೂ ಏನೋ ಕಳೆದುಹೋದ ಹಾಗೆ ಕಂಡಿತು. ಆಮೇಲೆ ಕೈ ಚಾಚಿದರು. ಆಶೀರ್ವಾದ ಎಂದುಕೊಂಡು ನಾನು ಬಗ್ಗಿದೆ. "ಬೀಗದಕೈ ಕೊಡ್" ಎಂದರು.

ಆ ಸಂಜೆಯೇ ಹಾಸಿಗೆ ಒಳಗೆ ಬಂತು. ಹಿರಿಯರಿಗೆ ಹೇಳಿಕಳಿಸಬೇಕಾಗಲಿಲ್ಲ. "ಗುಜರಿಗ್ ಹೋದ್ರೆ ಅಡ್ಡಿಲ್ಲೆ" ಎಂದು ಯಜಮಾನರು ಒಪ್ಪಿಬಿಟ್ಟರು. ಶಿವರಾತ್ರಿ ಕಳೆದು ಮೀನು ಬಂದ ದಿನ ನಡು ತುಂಡು ಗಿರಿಜಳಿಗೆ, ಬಾಲ ನನಗೆ. ನಮ್ಮವರು ಗಂಡನಾಗಿ ಮರಳಿ ಸಿಕ್ಕಿದ್ದಾರೆ, ಇನ್ನೇನು ಬೇಕು ಎಂದು ಬಾಲದ ಮುಳ್ಳು ಬಿಡಿಸುತ್ತಾ ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಪೂರ್ತಿ ಒಪ್ಪಲಿಲ್ಲ. ಅದರಲ್ಲೂ ಆ ನಮ್ಮವರು ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುವಾಗ.

ಮೊನ್ನೆ ಹೊರಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಅತ್ತೆಯ ಮುಖವನ್ನೇ ನೋಡುತ್ತಿದ್ದೆ. "ಯಾಕೋ ಸ್ವಲ್ಪ ಬಿಳಿಚಿಕೊಂಡ ಹಾಗೆ ಕಾಣ್ತೀರಿ ಅತ್ತೆ," ಎಂದೆ ಮೆಲ್ಲಗೆ. "ಬೇಕಿದ್ರೆ ಇನ್ನೊಂದು ಬಾಟ್ಲಿ ಕೊಡುವ. ನನಗೇನೂ ಕಷ್ಟ ಇಲ್ಲ."

ಅತ್ತೆ ಮೊರ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸೊಂಟದ ಬೀಗದಕೈಯನ್ನು ಒಮ್ಮೆ ಮುಟ್ಟಿಕೊಂಡರು.

"ಬ್ಯಾಡ ಹೆಣೆ," ಎಂದರು. "ಮಗನ ಹಾಸ್ಗಿ ಪುನಾ ಚಾವಡಿಗ್ ಹೊರುಕೆ ನಂಗ್ ಸೊಂಟ ಇಲ್ಲೆ."